ಎರಡು ಗಂಟೆಯ ಕೂಗು

ಆ ಚಿತ್ರದ ಹುಡುಗಿಗೆ ಮೂಗೇ ಇರಲಿಲ್ಲ.
ಎರಡು ಚುಕ್ಕಿ ಕಣ್ಣು, ಒಂದು ಗೆರೆ ಬಾಯಿ.
ಆದರೂ ಅವಳು ಅತ್ತಾಗ
ಸೋರಿದ್ದು ನಮ್ಮ ಮೂಗು,
ಮೊದಲು ಜೆಸಿಂತಾಳದು.

ಭದ್ರಾವತಿ, ಕ್ವಾರ್ಟರ್ಸಿನ ಏಳನೇ ಸಾಲು, ಭಾನುವಾರ.
ಟೀವಿಯ ಬಾಯಿಗೆ ಟೇಪ್‌ರೆಕಾರ್ಡರಿನ ಕಿವಿ ಹಚ್ಚಿ
ಕೆಂಪು ಗುಂಡಿ ಕಪ್ಪು ಗುಂಡಿ ಜೊತೆಗೇ ಒತ್ತಿ
ಉಸಿರು ಕಟ್ಟಿ ಕೂತೆವು.
ಕ್ಯಾಸೆಟ್ಟು ಅವಳಪ್ಪನದು.
ಅದರೊಳಗಿದ್ದ ಕ್ರಿಸ್ಮಸ್ ಹಾಡುಗಳು
ಒಂದೊಂದೇ ಅಳಿಸಿಹೋಗುತ್ತಿರುವುದು ಅವರಿಗೆ ಗೊತ್ತಿರಲಿಲ್ಲ.
ಇವತ್ತಿಗೂ ಗೊತ್ತಿಲ್ಲ.

ಯಾವ ದೇಶದ ಭಾಷೆಯೋ ಏನೋ.
ಹುಡುಗಿ ಹೊಸ ಊರಿಗೆ ಬರುವ ಹಾಡು
ನಮ್ಮ ಕಿವಿಗೆ ಬಿದ್ದದ್ದು,
‘ಅಕ್ಕಿ ಸೋರ್ತು ಮಾಮಿ, ಅಕ್ಕಿ ಸೋರ್ತು.’
ಅವಳ ನೆರಳು ಅವಳಿಗಿಂತ ಮೊದಲೇ ಎದ್ದು
ಅಂಗಳದಲ್ಲಿ ಕುಂಟಾಬಿಲ್ಲೆ ಆಡುವಾಗಿನದು,
‘ಬಾರೋ ಇಲಿಯೇ, ಕದ ತೆಗ್ದಿದೆ.’
ಇಪ್ಪತ್ತೈದು ವರ್ಷವಾಯಿತು,
ತಿದ್ದಿಕೊಳ್ಳುವ ಮನಸ್ಸಾಗಿಲ್ಲ.

ಹಾಡಿಗಿಂತ ನಮಗೆ ಹಿಡಿಸಿದ್ದು
ಯಾರೂ ಮಾತಾಡದಾಗ ಹಿಂದಿನಿಂದ ಬರುವುದು.
ಒಂಟಿ ಪಿಯಾನೋ, ಮೆಟ್ಟಿಲಿಳಿಯುವ ಮಗುವಿನ ಹಾಗೆ
ಒಂದು ಕಾಲಿಟ್ಟು, ಅದೇ ಮೆಟ್ಟಿಲಿಗೆ
ಇನ್ನೊಂದು ಕಾಲನ್ನೂ ಇಟ್ಟು,
ನಿಂತು, ಆಮೇಲೆ ಮುಂದಿನದಕ್ಕೆ.
ಜೆಸಿಂತಾ ಇಗರ್ಜಿಯ ಹಾರ್ಮೋನಿಯಂ ಮೇಲೆ
ಒಂದು ಇಡೀ ಬೇಸಿಗೆ ಅದನ್ನು ಹುಡುಕಿದಳು.
ಎಲ್ಲಾ ಸಿಕ್ಕಿತು, ಕೊನೆಯ ಸ್ವರವೊಂದು ಬಿಟ್ಟು.
‘ಕರೀ ಮನೆಗೂ ಬಿಳೀ ಮನೆಗೂ ಮಧ್ಯೆ
ಎಲ್ಲೋ ಅಡಗಿದೆ ಮಾರಾಯ್ತಿ.’

ಕೊನೆಗೆ ಆ ಸೇತುವೆ.
ದೊಡ್ಡವಳಾಗುವವಳು ನೆರಳನ್ನು ಆಚೆ ದಡದಲ್ಲೇ ಬಿಟ್ಟು
ನಡುಹಗಲಲ್ಲಿ ದಾಟಬೇಕು, ತಿರುಗಿ ನೋಡಬಾರದು.
ಮಾತಿಲ್ಲ, ಹಾಡಿಲ್ಲ.
ಪಿಟೀಲುಗಳೆಲ್ಲ ಒಂದೇ ಸ್ವರ ಹಿಡಿದು ನಿಂತಿದ್ದಾಗ
ಸರಿಯಾಗಿ ಎರಡು ಗಂಟೆ.
ಫ್ಯಾಕ್ಟರಿ ಕೂಗಿತು.

ಅಪ್ಪನ ಪಾಳಿ ಮುಗಿಸುವ ಕೂಗು
ಪಿಟೀಲಿನ ಅಡಿಯಿಂದ ಮೇಲೆದ್ದು
ಅದನ್ನು ಹೆಗಲ ಮೇಲೆ ಕೂರಿಸಿಕೊಂಡು
ಸೇತುವೆಯುದ್ದಕ್ಕೂ ನಡೆದು, ಆಚೆ ಮೆಲ್ಲಗೆ ಇಳಿಸಿತು.
ಅದರ ಬಾಲಕ್ಕೇ ಅಡುಗೆಮನೆಯಿಂದ ಅಮ್ಮ:
‘ಹಾಲು ಒಲೆ ಮೇಲಿದೆ, ಯಾರಾದ್ರೂ ನೋಡ್ರೇ.’
ಆಮೇಲೆ ಮೂರನೇ ಹಾಡು.

ಆ ವರ್ಷವೇ ನಾನು ಹಿಂದಿನ ಕೋಣೆಯಲ್ಲಿ
ಹೊಟ್ಟೆ ಹಿಡಿದು ಮೂರು ದಿನ.
ಕೊಬ್ಬರಿ ಬೆಲ್ಲ ತಂದವರೆಲ್ಲ ನನ್ನ ಬಿಟ್ಟು
ಅಮ್ಮನ ಹತ್ತಿರ ಮಾತಾಡಿದರು.
ನಾನು ಕ್ಯಾಸೆಟ್ಟನ್ನು ಪೆನ್ಸಿಲ್ಲಿನಲ್ಲಿ ಸುತ್ತಿ ಸುತ್ತಿ
ಸೇತುವೆಗೇ ಬಂದು ನಿಲ್ಲುತ್ತಿದ್ದೆ.
ಚಿತ್ರದವಳಿಗೆ ಪಿಟೀಲು ಮಾತ್ರ,
ನನಗೆ ಕೂಗೂ ಇದೆ ಎಂದು ಒಳಗೇ ಜಂಬ.

ಹೋದ ತಿಂಗಳು ಶಿವಮೊಗ್ಗ, ವಿನೋಬನಗರ.
ಅಕ್ಕನ ಮಗಳು ಇಂಚರಾ ತನ್ನ ಫೋನಿನಲ್ಲಿ
ಅದೇ ಚಿತ್ರ ಹಚ್ಚಿ ಒಂದು ಇಯರ್‌ಫೋನು ನನಗೆ ಕೊಟ್ಟಳು.
ಎಲ್ಲವೂ ತೊಳೆದಿಟ್ಟ ಲೋಟ.
ಹಿಂದೆಲ್ಲೋ ಹಕ್ಕಿ ಇತ್ತಂತೆ, ನಮಗೆ ಕೇಳಿಸಿರಲೇ ಇಲ್ಲ.
ಜೆಸಿಂತಾಳಿಗೆ ಸಿಗದ ಸ್ವರವೂ
ಏನೂ ಆಗದವರ ಹಾಗೆ ತನ್ನ ಜಾಗದಲ್ಲಿ ಕೂತಿತ್ತು.

ಸೇತುವೆ ಬಂತು. ಪಿಟೀಲು ನಿಂತಿತು.
ನಾನು ತಲೆಯೆತ್ತಿ ಕಾದೆ.
ಸ್ವರ ಒಂದೇ ನೀರಿನ ಮೇಲೆ ಹೋಯಿತು,
ಹೋಯಿತು, ಮುಗಿಯಿತು.
‘ಏನಾಯ್ತು ಚಿಕ್ಕಮ್ಮ?’
‘ಇಲ್ಲೊಂದು ಕೂಗು ಬರಬೇಕಿತ್ತು.’
ಇಂಚರಾ ಹತ್ತು ಸೆಕೆಂಡು ಹಿಂದೆ ಹೋದಳು.
ಮತ್ತೆ ಹತ್ತು.
ಬೆರಳು ತೆಗೆಯದೆ ಪಾಪ ಹುಡುಕಿದಳು.

ಜೆಸಿಂತಾಳಿಗೆ ಫೋನು ಮಾಡಿದೆ.
ಕೀಬೋರ್ಡ್ ಪಾಠದ ನಡುವೆ ಎತ್ತಿದಳು,
‘ಬೇಗ ಹೇಳು, ಮಕ್ಕಳು ಕೂತಿದಾರೆ.’
ನಾನು ಹೇಳಲಿಲ್ಲ, ಪಿಟೀಲು ಹಿಡಿದೆ,
ನನ್ನ ಒಡಕು ಗಂಟಲಲ್ಲಿ.
ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಆ ತುದಿಯಲ್ಲಿ ಊ ಎಂದು
ಅಡಿಯಿಂದ ಎದ್ದಳು, ಹಿಂದೆ ಮಕ್ಕಳು ಕಿಸಕ್ಕನೆ ನಕ್ಕರು,
ಅವಳು ನಿಲ್ಲಿಸಲಿಲ್ಲ,
ಪೂರಾ ಕೂಗಿ, ಮೆಲ್ಲಗೆ ಇಳಿಸಿ,
ನಮ್ಮಮ್ಮನ ದನಿಯಲ್ಲಿ, ಅದೇ ಎಳೆತದಲ್ಲಿ,
‘ಹಾಲು ಒಲೆ ಮೇಲಿದೆ...’

ನಾನು ತಿರುಗಿ ಒಲೆ ನೋಡಿದೆ.